ಒಳಮನೆಯ ಸುಣ್ಣ

ರಾತ್ರಿ ಎರಡೂಕಾಲು. ಶಿವಮೊಗ್ಗದ ದೊಡ್ಡಾಸ್ಪತ್ರೆ, ಹೆರಿಗೆ ವಾರ್ಡು.
ಮೂರನೇ ಮಂಚದ ನೇತ್ರಾವತಿಗೆ
ಬಂದ ನೋವು ನಿಂತುಹೋಗಿದೆ.
ಡಾಕ್ಟರು ಬರೆದಿಟ್ಟು ಹೋದರು: ಆಕ್ಸಿಟೋಸಿನ್,
ನಿಮಿಷಕ್ಕೆ ಎಂಟು ಹನಿ.
ಗಡಿಯಾರ ನೋಡುತ್ತ ಎಣಿಸುತ್ತೇನೆ,
ಡ್ರಿಪ್ಪಿನ ಗಾಲಿಯನ್ನು ಹೆಬ್ಬೆರಳಲ್ಲಿ
ಕೂದಲೆಳೆಯಷ್ಟು ತಿರುಗಿಸಿ.

ಬಾಗಿಲಾಚೆ ಬೆಂಚಿನ ಮೇಲೆ ಅವಳ ಅತ್ತೆ,
ಚಂದ್ರಗುತ್ತಿ ಕಡೆಯ ಗುತ್ಯಮ್ಮ.
ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತ ಕೇಳುತ್ತಾರೆ:
"ಅಲ್ಲ ತಂಗಿ, ಆ ನೀರಿನಂಥದ್ದು
ಒಳಗೆ ಹೋಗಿ ಕೂಸನ್ನ ನೂಕ್ತದಾ?"

ಇಲ್ಲಮ್ಮಾ. ಅದು ಒಳಗೆ ಹೋಗುವುದೇ ಇಲ್ಲ.

ಹೇಗೆ ಹೇಳಲಿ? ನರ್ಸಿಂಗ್ ಕಾಲೇಜಿನಲ್ಲಿ ಬ್ರಿಜಿತ್ ಮೇಡಂ
ಕರಿಹಲಗೆ ತುಂಬ ಒಂದೇ ಜೀವಕೋಶ ಬರೆದು
ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬಾಣ ಎಳೆದಿದ್ದರು.
ಬಂದ ದೂತ ಹೊಸಿಲು ದಾಟುವುದಿಲ್ಲ,
ಚಿಲಕ ಅಲ್ಲಾಡಿಸುತ್ತಾನೆ, ಅಷ್ಟೇ.
ಆ ಸದ್ದಿಗೆ ಗೋಡೆಯೇ
ತನ್ನ ಮೈಯಿಂದ ಒಂದು ಚಕ್ಕೆ ಉದುರಿಸುತ್ತದೆ.
ಚಕ್ಕೆಗೆ ಕಾಲು ಬಂದು ಒಳಗೆ ಓಡುತ್ತದೆ,
ಮೂರು ಫಾಸ್ಫೇಟು ಸೊಂಟಕ್ಕೆ ಕಟ್ಟಿಕೊಂಡ ಪೋರ.
(ಅವನ ಹೆಸರು ಉದ್ದ. ಪರೀಕ್ಷೆಯಲ್ಲಿ ತಪ್ಪು ಬರೆದು
ಅರ್ಧ ಅಂಕ ಕಳೆದುಕೊಂಡೆ.)
ಒಳಗೆ ಮಡಿಕೆ ಮಡಿಕೆಯಾಗಿ ಒಂದು ಉಗ್ರಾಣ,
ಅದಕ್ಕೆ ಕೀಲಿ ಅವನೇ.

ಉಗ್ರಾಣದಲ್ಲಿರುವುದು ಸುಣ್ಣ.
ಹೌದಮ್ಮಾ, ನಿಮ್ಮ ಡಬ್ಬಿಯಲ್ಲಿರುವುದೇ,
ಮೇಡಂ ಬೆರಳಿಗೆ ಮೆತ್ತಿದ್ದದ್ದೇ,
ಕೂಸಿನ ಮೂಳೆಗೆ ಹತ್ತಿರುವುದೇ, ಒಂದೊಂದು ಕಡೆ ಒಂದೊಂದು ವೇಷ.
ಆದರೆ ಒಳಮನೆಗೆ ಅದಕ್ಕೆ ಪ್ರವೇಶವಿಲ್ಲ.
ಹೊರಗೆ ಹತ್ತು ಸಾವಿರವಿದ್ದರೆ ಒಳಗೆ ಒಂದು.
ಯಾಕೆಂದು ನನಗಿಂತ ನಿಮಗೇ ಗೊತ್ತು:
ಹೆಚ್ಚಾದರೆ ಬಾಯಿ ಬೇಯುತ್ತದೆ,
ಸೋಕದೇ ಹೋದರೆ
ಎಷ್ಟು ಅಗಿದರೂ ಎಲೆಯಡಿಕೆ ಕೆಂಪಾಗುವುದಿಲ್ಲ.

ಅಪ್ಪ ತೀರ್ಥಪ್ಪ ಗಾಜನೂರು ಡ್ಯಾಮಿನಲ್ಲಿ ಗೇಟು ಎತ್ತುತ್ತಿದ್ದರು.
ಶೃಂಗೇರಿ ಕಡೆಯಿಂದ ಫೋನು ಬರುತ್ತಿತ್ತು.
ಫೋನಿನಲ್ಲಿ ನೀರು ಬರುವುದಿಲ್ಲ, ಮಾತು ಬರುತ್ತದೆ.
ಉಣ್ಣುತ್ತಿದ್ದ ಕೈ ತೊಳೆದು ಎದ್ದು ಹೋಗುತ್ತಿದ್ದರು.
ಮೊದಲು ಸೈರನ್, ಆಮೇಲೆ ತುಂಗೆ.
ಆದರೆ ಕೋಶದಲ್ಲಿ ಒಂದು ಬಾಗಿಲಿಂದ ಚೆಲ್ಲಿದ ಸುಣ್ಣ
ಪಕ್ಕದ ಬಾಗಿಲನ್ನೂ ತೆರೆಸುತ್ತದೆ, ಅದು ಅದರ ಪಕ್ಕದ್ದನ್ನು.
ಗಾಜನೂರಿನ ಗೇಟುಗಳಿಗೆ ಆ ಬುದ್ಧಿ ಇರಲಿಲ್ಲ,
ಒಂದೊಂದನ್ನೂ ಅಪ್ಪನೇ ಎತ್ತಬೇಕಿತ್ತು.

ಎರಡು ಐವತ್ತು. ಹದಿನಾರು ಹನಿ.
"ಬಂತು ಅಕ್ಕಾ..."
ನನ್ನ ಅಂಗೈ ಕೆಳಗೆ ಮೆತ್ತಗಿದ್ದ ಹೊಟ್ಟೆ
ಹಲಗೆಯಾಗುತ್ತದೆ. ಕೋಶ ಕೋಶದ ಕೈ ಹಿಡಿದು
ಇಡೀ ಗರ್ಭ ಒಂದೇ ಮುಷ್ಟಿ.
ಮೂವತ್ತು. ನಲವತ್ತು. ನಲವತ್ತೈದು ಸೆಕೆಂಡು.
ಸಡಿಲ.

ಈಗ ಅಲ್ಲಿ ಚೆಲ್ಲಿದ್ದನ್ನೆಲ್ಲ ಬಳಿದು
ಮತ್ತೆ ಉಗ್ರಾಣಕ್ಕೆ ತುಂಬುವವರು ಏಳುತ್ತಾರೆ.
ಅವರ ಬಗ್ಗೆ ಮೇಡಂ ಹೇಳಿದ್ದು ಒಂದೇ ವಾಕ್ಯ,
ಅಷ್ಟರಲ್ಲಿ ಬೆಲ್ಲು ಹೊಡೆದಿತ್ತು.
ನನಗೆ ಅವರೇ ಇಷ್ಟ.
ಅವರಿಲ್ಲದಿದ್ದರೆ ಹಿಡಿದ ಮುಷ್ಟಿ ಬಿಡುವುದೇ ಇಲ್ಲ,
ಕೂಸಿಗೆ ರಕ್ತ ಹರಿಯುವುದಿಲ್ಲ.
ಎರಡು ನೋವುಗಳ ನಡುವೆ ನೇತ್ರಾವತಿ ಒಂದು ಗುಟುಕು ನೀರು ಕೇಳುವುದು,
ಮೂಗುಬೊಟ್ಟು ಬಿಚ್ಚಿಟ್ಟದ್ದು ಎಲ್ಲಿ ಎಂದು ಗಾಬರಿಯಾಗುವುದು,
ಎಲ್ಲ ಅವರು ಕೊಟ್ಟ ಪುರುಸೊತ್ತು.

ನಾಲ್ಕೂ ನಲವತ್ತಕ್ಕೆ ಹೆಣ್ಣು. ಎರಡು ಕಿಲೋ ಎಂಟುನೂರು.
ಹನಿ ನಿಲ್ಲಿಸಲಿಲ್ಲ, ರಕ್ತ ಕಟ್ಟಬೇಕು,
ಖಾಲಿಯಾದ ಮನೆಗೂ ಇನ್ನಷ್ಟು ಹೊತ್ತು ಚಿಲಕದ ಸದ್ದು ಬೇಕು.

ಗುತ್ಯಮ್ಮ ಕೂಸಿನ ಬೆರಳು ಎಣಿಸಿದರು, ಎರಡು ಸಲ.
ಆಮೇಲೆ ಮಡಿಸಿದ ಎಲೆಯೊಂದನ್ನು ನನ್ನತ್ತ ಚಾಚಿ,
"ಸುಣ್ಣ ಕಮ್ಮಿ ಹಾಕಿದೀನಿ, ಸುಡಲ್ಲ."
ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲ ಅಂದೆ.
"ಹಂಗಾರೆ ಇಟ್ಕ," ಅಂದು
ಡಬ್ಬಿಯ ಮುಚ್ಚಳ ಟಪ್ ಅಂತ ಒತ್ತಿದರು.