ಬಾಲಕ್ಕೆ ನಾಲ್ಕು ಬೆರಳು

ಸಂತೇಪೇಟೆಯ ಗಲ್ಲಿಯಲ್ಲಿ ನೂರರ ಪೊಟ್ಟಣ ಒಡೆದು
ಅಂತೋಣಪ್ಪ ಮೊದಲು ಮೂಸುತ್ತಿದ್ದರು.
ಅಂಗಡಿಯವನಿಗೆ ನಗು:
‘ಬಲೂನ್ ತಗೊಳಕ್ ಬಂದ್ರೋ, ರಸಬಾಳೆನೋ?’
ಉತ್ತರವಿಲ್ಲ.
ಹೊಸ ರಬ್ಬರಿಗೆ ಹಾಲು ಹೆಪ್ಪಾಗುವ ಹೊತ್ತಿನ ವಾಸನೆ,
ಹಳೆಯದಕ್ಕೆ ಟ್ರಂಕಿನಲ್ಲಿ ಮರೆತ ಚಪ್ಪಲಿಯದು.
ಅವರಿಗೆ ಅಷ್ಟು ಸಾಕು.
ನನ್ನ ಮೂಗಿಗೆ ಹನ್ನೊಂದು ವರ್ಷ ಬೇಕಾಯಿತು.

ಆಮೇಲೆ ಬೆರಳು.
ಪುಡಿ ಕೇರಂ ಬೋರ್ಡಿನ ಮೇಲಿನಷ್ಟೇ ಇರಬೇಕು,
ಅಂಟಿದರೆ ಬಿಸಿಲು ಕಂಡ ಮಾಲು, ಕೆಳಗಿಡು.
ಎಳೆ.
ಬಣ್ಣ ಉದ್ದಕ್ಕೂ ಒಂದೇ ಸಮ ತಿಳಿಯಾದರೆ ಸರಿ,
ಒಂದೇ ಕಡೆ ಬಿಳಿಚಿಕೊಂಡರೆ
ಅಲ್ಲೇ ಹೋಗುತ್ತದೆ, ಇವತ್ತಲ್ಲ ನಾಳೆ.
ಬಿಡು. ಹೊರಟ ಅಳತೆಗೇ ಮರಳಿತೇ?
‘ಕೆಲವು ಸಾಲಗಾರರ ಥರ, ನೂರಿ,
ಉದ್ದ ಆಗ್ತವೆ, ವಾಪಸ್ ಬರಲ್ಲ.’
ಕೊನೆಗೆ ಬಾಯಂಚಿನ ಉಂಗುರ,
ನಮ್ಮಮ್ಮಿ ಬೀಡಿಯ ತುದಿ ಮಡಚುತ್ತಿದ್ದಷ್ಟು ಬಿಗಿ.

ನೂರಕ್ಕೆ ಮೂರು ಒಡೆದರೆ ಕಂಪನಿಯ ತಪ್ಪು,
ಎಂಟು ಒಡೆದರೆ ಅಂಗಡಿಯವನದು,
ಅದಕ್ಕೂ ಮೇಲೆ, ನಮ್ಮ ಉಗುರಿನದು.
ಕಪ್ಪು ಯಾವಾಗಲೂ ಮುಂಚೆ ಒಡೆಯುತ್ತದೆ.
ಯಾಕೆ ಎಂದು ಕೇಳಿದ್ದೆ.
‘ಅದರ ಇಷ್ಟ’ ಎಂದಿದ್ದರು.

ಸರಸ್ವತಿಪುರಂನ ಛತ್ರಗಳಲ್ಲಿ
ಮೊದಲ ಹುಟ್ಟುಹಬ್ಬದ ಮಗು ನಿದ್ದೆಗೆ ಜಾರಿ,
ಉಳಿದ ಮಕ್ಕಳೆಲ್ಲ ನಮ್ಮ ಮಂಡಿಗೆ ಮುತ್ತಿರುವಾಗ
ಅವರು ಬಾಯಿಂದಲೇ ಊದುತ್ತಿದ್ದರು.
ಪಂಪು ನನ್ನದು.
‘ಪಂಪಿಗೆ ಕೆನ್ನೆ ಇಲ್ಲ. ಮೊದಲನೇ ಉಸಿರಿಗೇ
ಬಲೂನು ಕೆನ್ನೆಗೆ ನಿಜ ಹೇಳ್ಬಿಡತ್ತೆ.’
ಗಂಟು ಹಾಕುವ ಮುಂಚೆ ಒಂದಿಷ್ಟು ಗಾಳಿ ಬಿಡುತ್ತಿದ್ದರು,
ಹಾಲು ಕುಡಿಸಿ ಕೂಸನ್ನು ತೇಗಿಸಿದ ಹಾಗೆ.
ಬಾಲಕ್ಕೆ ನಾಲ್ಕು ಬೆರಳು ಖಾಲಿ.
‘ಒಂದೊಂದು ತಿರುವಿಗೂ ಗಾಳಿ ಮುಂದಕ್ಕೆ ಓಡತ್ತೆ ಕಣಮ್ಮ.
ಓಡೋದಕ್ಕೆ ಜಾಗ ಬೇಡ್ವಾ?’

ಈಗ ದೊಡ್ಡಾಸ್ಪತ್ರೆ, ಕಿಟಕಿ ಪಕ್ಕದ ಮಂಚ.
ಚಿಕ್ಕ ಡಾಕ್ಟರಮ್ಮ ಒಂದು ಆಟಿಕೆ ಕೊಟ್ಟಿದ್ದಾಳೆ:
ಮೂರು ಕೊಳವೆ, ಮೂರು ಗುಂಡು, ಒಂದು ಪೈಪು.
ಅವರು ಮೊದಲು ಪೈಪು ಮೂಸಿದರು.
ಬಗ್ಗಿಸಿ ನೋಡಿದರು.
‘ಕೊರಳು ಬಿರುಸು. ಎಷ್ಟು ಕೊಟ್ರಿ ಇದಕ್ಕೆ?’
ಊದಿದರು.
ಗುಂಡುಗಳು ಕೂತಲ್ಲೇ ಕೂತವು.
‘ಊದೋದಲ್ಲ ತಾತ, ಒಳಗೆ ಎಳ್ಕೋಬೇಕು.’
ನನ್ನ ಮುಖ ನೋಡಿದರು.
ನಲವತ್ತಾರು ವರ್ಷ ಹೊರಗೆ ಕೊಟ್ಟವರಿಗೆ
ಒಳಗೆ ಎಳೆಯುವುದು ಬೇರೆಯೇ ಕಸುಬು.
ನೀಲಿ ಎದ್ದಿತು. ಕಿತ್ತಳೆ ಅರ್ಧಕ್ಕೆ ಬಂದು ನಡುಗಿತು.
ಹಸಿರು, ಊಟಕ್ಕೆ ಹಟ ಹಿಡಿದ ಮಗು.
‘ಹಸಿರಿನ ಮಾಲು ಸರಿ ಇಲ್ಲ’
ಎಂದು ಬದಿಗಿಟ್ಟು ತೀರ್ಪು ಕೊಟ್ಟರು.

ಎದುರು ಮಂಚಕ್ಕೆ ಬುತ್ತಿ ತಂದಿದ್ದ ಹುಡುಗ
ನನ್ನ ಚೀಲದ ಬಾಯಿ ನೋಡಿಬಿಟ್ಟ.
‘ಅಕ್ಕಾ, ನಂಗೊಂದು ಹಾವು.’
ಹಾವಿಗೇನು, ತಿರುವಿಲ್ಲ, ಮುರಿವಿಲ್ಲ,
ತುದಿಯ ತನಕ ತುಂಬಿಸಿ ಗಂಟು ಹಾಕಿದೆ.
ಹಾಸಿಗೆಯಿಂದ ಒಂದು ಕೈ ಚಾಚಿಕೊಂಡಿತು.
ಕೊಟ್ಟೆ. ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಂಡರು,
ಬಾಲದ ತುದಿ ತಡವಿದರು.
‘ಎಷ್ಟು ಬೆರಳು ಬಿಟ್ಟೆ?’
‘ಹಾವಲ್ವಾ? ಯಾರು ತಿರುಗಿಸ್ತಾರೆ?’
‘ಅವನ ಕೈ ಸುಮ್ಮನಿರತ್ತಾ?’

ಉಗುರು ತಾಗಿಸದೆ ಗಂಟು ಬಿಚ್ಚಿದರು.
ವಾರ್ಡೆಲ್ಲ ತಿರುಗಿ ನೋಡುವಂಥ ಒಂದು ಸದ್ದು,
ಹುಡುಗ ಬಿದ್ದು ಬಿದ್ದು ನಕ್ಕ,
ಸಿಸ್ಟರ್ ‘ಶ್’ ಅಂದರು.
ನಾಲ್ಕು ಬೆರಳು ಅಳೆದು, ಮತ್ತೆ ಬಿಗಿದು ಕೊಟ್ಟರು.

ಬಾಗಿಲು ದಾಟುವ ಮುಂಚೆಯೇ ಅವನು
ಹಾವಿಗೆ ಮೂರು ಕಡೆ ಸೊಂಟ ಮಾಡಿದ್ದ.
ಮೆಟ್ಟಿಲಲ್ಲಿ ರಬ್ಬರು ಕಿರುಗುಟ್ಟುವುದು ಕೇಳುತ್ತಿತ್ತು.
ನಾವಿಬ್ಬರೂ ಕಿವಿಗೊಟ್ಟು ಕೂತೆವು,
ಅವನು ಚೀಟಿಯ ಸಾಲು ದಾಟಿರಬೇಕು ಈಗ,
ಎಳನೀರಿನ ಗಾಡಿ, ಗೇಟು, ಆಟೋ ನಿಲ್ದಾಣ…
ಸದ್ದಿಲ್ಲ.
‘ಆ ಪೊಟ್ಟಣ ಯಾವ ಅಂಗಡೀದು?’ ಎಂದರು.