ಒತ್ತಕ್ಷರ ಬಿದ್ದ ಸಾಲು

ಮಧುಗಿರಿ ಡಿಪೋದಲ್ಲಿ ರಾತ್ರಿ ಪಾಳಿ.
ಪಾವಗಡದ ಕೊನೆ ಬಸ್ಸು ಬಂದು
ಓಬಳೇಶ ಚಿಲ್ಲರೆ ಸುರಿದು ಸಹಿ ಹಾಕಿ ಹೋದ ಮೇಲೆ
ಬೆಳಗಿನ ಮೊದಲ ಗಾಡಿ ಹೊರಡುವವರೆಗೆ
ನಾಲ್ಕು ಗಂಟೆ ನನ್ನ ರಾಜ್ಯಭಾರ.

ರದ್ದಾದ ಟ್ರಿಪ್ ಶೀಟುಗಳ ಬೆನ್ನ ಮೇಲೆ
ಏಳು ಕೋಟೆ ಕಟ್ಟಿದೆ. ಒಂದು ಸಮುದ್ರ ತಂದೆ,
ನಮ್ಮ ತಾಲ್ಲೂಕಿಗೆ ಅದೊಂದು ಕಡಿಮೆಯಿತ್ತು.
ಉಪ್ಪು ಮೇಯುವ ಕುದುರೆಗಳು,
ಹೆಸರು ಹಿಡಿದು ಕರೆದರೆ ಬಾಗಿಲು ತೆರೆಯದ ಊರುಗಳು,
ನೆರಳನ್ನು ಒತ್ತೆಯಿಟ್ಟು ಅಕ್ಕಿ ತರುವ ಹೆಂಗಸರು.
ರಾಣಿಗೆ ನನ್ನ ಮೂಗೇ ಇಟ್ಟೆ.
ಯಾರಿಗೂ ಹೇಳಲಿಲ್ಲ.

ಮೂರು ಸಂಪುಟ ಅಂದುಕೊಂಡಿದ್ದು
ಹನ್ನೊಂದು ವರ್ಷಕ್ಕೆ ಐದಾಯಿತು.
ತಗಡಿನ ಟ್ರಂಕು, ನಡುನಡುವೆ ಬೇವಿನೆಲೆ.
"ಏನೇ ಅದು, ಎಲ್ಐಸಿ ಬಾಂಡಾ?" ಅಂದರು ಅತ್ತೆ.
ಹ್ಞೂಂ ಅಂದೆ. ಪಕ್ವವಾಗೋಕೆ ಇನ್ನೂ ಟೈಮಿದೆ ಅಂದೆ.

ತುಮಕೂರಿನ ಮೊದಲ ಪ್ರಕಾಶಕರು
ಕಟ್ಟನ್ನು ಅಂಗೈಯಲ್ಲಿ ತೂಗಿ ನೋಡಿದರು, ಬದನೆಕಾಯಿಯ ಹಾಗೆ.
"ನಿಮ್ಮವ್ವನ ಕಷ್ಟದ ಕತೆ ಇದ್ರೆ ಕೊಡಮ್ಮ,
ಲೈಬ್ರರಿಗೆ ಹೋಗ್ತದೆ."
ನಮ್ಮವ್ವ ಕಷ್ಟಪಟ್ಟಿದ್ದಾಳೆ, ನಿಜ.
ಅದನ್ನು ಮಾರಲು ಅವಳ ಅಪ್ಪಣೆ ಕೇಳಿಲ್ಲ ನಾನು.
ಎರಡನೆಯವರು, ಮಕ್ಕಳ ಪುಸ್ತಕವಾ, ಎಂದರು.
ರಾಣಿ ಗಂಡನಿಗೆ ವಿಷ ಹಾಕುವ ಪುಟ ತೆಗೆದು ಕೊಟ್ಟೆ.
ಓದಿ, ತಮ್ಮ ಕಾಫಿಯನ್ನು ಸ್ವಲ್ಪ ದೂರ ಸರಿಸಿದರು.
ಮೂರನೆಯವರು ಏನೂ ಅನ್ನಲಿಲ್ಲ.
ಒಂದೂವರೆ ವರ್ಷದ ಮೇಲೆ ಕಟ್ಟು ಮಾತ್ರ ಬಂತು,
ನಮ್ಮದೇ ಬಸ್ಸಿನ ಪಾರ್ಸಲ್ಲಿನಲ್ಲಿ.
ತಲುಪಿದೆ ಎಂದು ರಶೀದಿಗೆ
ನಾನೇ ಸಹಿ ಹಾಕಬೇಕಾಯಿತು.

ಕಡೆಗೆ ನಂಜುಂಡಾರಾಧ್ಯರು.
ಲಗ್ನಪತ್ರಿಕೆ, ತಿಥಿ ಕಾರ್ಡು,
ಹಾಲಿನ ಸೊಸೈಟಿಯ ವಾರ್ಷಿಕ ವರದಿ.
"ಮುನ್ನೂರು ಪ್ರತಿ. ಅರ್ಧ ದುಡ್ಡು ನಿಂದು.
ಓದೋಕೆ ನನಗೆ ಪುರುಸೊತ್ತಿಲ್ಲ, ಮುಬೀನಾ ಟೈಪು ಮಾಡ್ತಾಳೆ."
ಉಳಿಸಿಟ್ಟ ಗಳಿಕೆ ರಜೆಯನ್ನು ನಿಗಮಕ್ಕೆ ಮಾರಿದೆ.
ಹೇಗೂ ರಜೆ ಹಾಕಿ ಹೋಗಬೇಕಿದ್ದ ಊರು
ಟ್ರಂಕಿನಲ್ಲೇ ಇತ್ತಲ್ಲ.

ಪ್ರೂಫಿನ ಇನ್ನೂರ ಹದಿನಾಲ್ಕನೇ ಪುಟ.
ನಾನು ಬರೆದದ್ದು: ಬೆಟ್ಟದ ಕಲ್ಲು ಅಲುಗಿತು.
ಮುಬೀನಾ ಒತ್ತಿದ್ದು: ಬೆಟ್ಟದ ಕಾಲು ಅಲುಗಿತು.

ಕೆಂಪು ಪೆನ್ನು ಎತ್ತಿದವಳು
ಎತ್ತಿದ ಹಾಗೇ ಕೂತೆ.
ಕಿಟಕಿಯಾಚೆ ನಮ್ಮ ಏಕಶಿಲೆ
ಡೀಸೆಲ್ ಬಂಕಿನ ದೀಪಕ್ಕೆ ಅರ್ಧ ಕಂಡು
ಇನ್ನರ್ಧ ಮಡಿಸಿಕೊಂಡು ಮಲಗಿತ್ತು.
ನಲವತ್ತೆರಡು ವರ್ಷ ಅದರ ಬುಡದಲ್ಲಿದ್ದೇನೆ,
ಅದಕ್ಕೊಂದು ಮಂಡಿ ಇರಬಹುದೆಂದು
ಒಂದು ದಿನವೂ ಹೊಳೆದಿರಲಿಲ್ಲ.

ತಿದ್ದಲಿಲ್ಲ.
ತಿದ್ದದ್ದಕ್ಕೆ ದಂಡ: ಎರಡನೇ ಸಂಪುಟವನ್ನು
ಮೊದಲಿಂದ ಬರೆಯುತ್ತಿದ್ದೇನೆ.
ಕಾಲಿರುವ ಬೆಟ್ಟ ಕೂತಲ್ಲಿ ಕೂರುವುದಿಲ್ಲ.
ಕೋಟೆಗಳ ಗತಿಯೇನು, ಬುಡದ ಬಾವಿಗಳ ಗತಿಯೇನು,
ಅದು ಎದ್ದ ಜಾಗದಲ್ಲಿ ಮೊದಲ ಬಾರಿ ಬಿಸಿಲು ಕಂಡ ಮಣ್ಣು
ಯಾರ ಹೆಸರಿಗೆ?

ಪುಸ್ತಕಕ್ಕೆ ಬಿಡುಗಡೆ ಗಿಡುಗಡೆ ಇರಲಿಲ್ಲ.
ಓಬಳೇಶನ ಸೀಟಿನಡಿ ಮೂರು ಕಟ್ಟು ಬಂತು.
ಲಗೇಜಿಗೆ ಟಿಕೆಟ್ಟು ಹರಿದಿರಲಿಲ್ಲ ಅವನು; ಹರಿಸಿದೆ.
ಮುಖಪುಟದ ರಾಣಿಯ ಮೂಗು ಚೂಪು,
ಬೇರೆ ಯಾರದೋ.
ನಲವತ್ತೊಂದು ಪ್ರತಿ ಹೋಗಿವೆ ಇಲ್ಲಿಯವರೆಗೆ,
ಅದರಲ್ಲಿ ಒಂಬತ್ತು ಮೆಕ್ಯಾನಿಕ್ಕುಗಳಿಗೆ, ಸಾಲದ ಮೇಲೆ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನು. ಮುಬೀನಾ.
"ಅಕ್ಕಾ, ಎರಡನೇದು ಯಾವಾಗ ಕೊಡ್ತೀರ?"
ಆ ಕಾಲು ಕೈತಪ್ಪಿ ಬಂತಾ, ಎಂದು ಕೇಳಿಯೇಬಿಟ್ಟೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಅಲ್ಲಿ ನಿಮ್ಮಕ್ಷರ ಕಾಣ್ಲಿಲ್ಲ ಅಕ್ಕಾ. ಕಲ್ಲು ಅಲುಗಿದ್ರೆ
ಅಷ್ಟು ಜನ ಯಾಕೆ ಓಡ್ತಾರೆ ಅನ್ನಿಸ್ತು."
ಮತ್ತೆ, ದನಿ ತಗ್ಗಿಸಿ:
"ಹೇಳಿ, ಎಲ್ಲಿಗೆ ಹೋಯ್ತದು?"

ಗೊತ್ತಿದೆ ನನಗೆ. ಹೇಳಲಿಲ್ಲ.
ಟೈಪು ಮಾಡುವಾಗ ತಿಳಿಯಲಿ.
ಅಥವಾ ತಪ್ಪಿಸಲಿ.