ಇಬ್ಬರಿಗೆ ಮಾತ್ರ

ಬೆಳಗಿನ ರೈಲಿಗೆ ಹಿಲ್ಕೆ ನಾಲ್ಕು ಸೇಬು ತೊಳೆದು ತಂದಿದ್ದ.
ಜ್ವೊಲ್ಲೆ ದಾಟಿದ ಮೇಲೆ ಲೆಕ್ಕ ನೆನಪಾಗಿ
ಇಬ್ಬರೂ ಎರಡೆರಡು ತಿಂದೆವು,
ಹಠಕ್ಕೆ ಬಿದ್ದವರ ಹಾಗೆ, ಬೀಜದವರೆಗೆ.

ಲೇವಾರ್ಡನ್ನಿನಲ್ಲಿ, ಅತ್ತೆಯ ಫ್ರಿಜ್ಜಿನ ಬಾಗಿಲಿಗೆ
ನಾನು ಬರೆದುಕೊಟ್ಟ ಎರಡು ಪುಟ:
ಯೆಲ್ಟೆಗೆ ಹಾಲು ಬಿಸಿ ಇರಬಾರದು, ತಣ್ಣಗೂ ಇರಬಾರದು,
ಫೆನ್ನಾಗೆ ಮಲಗುವಾಗ ಕರಡಿ ಬೇಡ, ಕರಡಿಯ ಕಿವಿ ಬೇಕು.
ಮೂವರನ್ನು ಹೆತ್ತು ಬೆಳೆಸಿದವರು
ಓದಿ, ಏನೂ ಹೇಳದೆ, ಮ್ಯಾಗ್ನೆಟ್ಟು ಒತ್ತಿದರು.

ಗೆಂಟಿನಲ್ಲಿ ಹಿಮ ಬಿದ್ದಿರಲಿಲ್ಲ.
ಕಾಲುವೆಯ ಮೇಲೆ ಮಾತ್ರ ಒಂದು ತೆಳುಪೊರೆ,
ಕಾಯಿಸಿ ಮರೆತ ಹಾಲಿನ ಕೆನೆಯಂತೆ.
ಕಾಲಿಡಲೋ ಬೇಡವೋ ಎಂದು ದಡದಲ್ಲೊಂದು ಬಾತು.

ಕೋಟು ಇಸಿದುಕೊಳ್ಳುವ ಹೆಂಗಸು ಕೇಳಿದಳು: ಎಷ್ಟು ಜನ?
ನಾನು ಹಿಂದೆ ತಿರುಗಿ ನೋಡಿದೆ.
ಇಬ್ಬರು, ಅಂದ ಹಿಲ್ಕೆ,
ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ.
ಹಿತ್ತಾಳೆಯ ಬಿಲ್ಲೆ, ನೂರಾ ಹದಿನೇಳು.

ಮ್ಯೂಸಿಯಂ ಅಂದರೆ ಏಳು ವರ್ಷದಿಂದ ನಮಗೆ
ತಿಮಿಂಗಿಲದ ಎಲುಬು, ಗುಂಡಿ ಒತ್ತಿದರೆ ಉರಿಯುವ ದೀಪ,
ಮುಟ್ಟಬೇಡ, ಓಡಬೇಡ, ಗಾಜು ನೆಕ್ಕಬೇಡ,
ಟಾಯ್ಲೆಟ್ಟು ಎಲ್ಲಿ, ಟಾಯ್ಲೆಟ್ಟು ಎಲ್ಲಿ.
ಇಲ್ಲಿ ಯಾರಿಗೂ ಏನೂ ಹೇಳಬೇಕಾಗಿಲ್ಲ.
ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ
ಬೆನ್ನ ಹಿಂದೆ ಕಟ್ಟಿಕೊಂಡೆ, ಬಲ್ಲವಳ ಹಾಗೆ.

ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು?
ಮದುವೆಗೆ ಮುಂಚೆ ಗೊತ್ತಿತ್ತು.
ಆಗ ಅವನು ಚಿತ್ರ ನೋಡುತ್ತಿದ್ದ, ನಾನು ಅವನನ್ನು,
ಹೊತ್ತು ತಾನಾಗಿ ಹೋಗುತ್ತಿತ್ತು.
ಈಗ ಅವನದು ದಾಪುಗಾಲು, ಹೆಸರು ಓದಿ ಮುಂದಕ್ಕೆ,
ಗೋದಾಮಿನ ಸಾಮಾನಿಗೆ ಟಿಕ್ಕು ಹಾಕುವವನಂತೆ.
ನನ್ನದು ಎಮ್ಮೆ ನಡಿಗೆ.
ಮೂರನೆಯ ಕೋಣೆಯಲ್ಲಿ ಒಬ್ಬರಿಗೊಬ್ಬರು ತಪ್ಪಿಹೋದೆವು.

ಹುಡುಕಲಿಲ್ಲ ನಾನು. ಇದನ್ನವನಿಗೆ ಹೇಳಿಲ್ಲ.

ಒಂದು ಸಣ್ಣ ಚಿತ್ರ, ಊಟದ ತಟ್ಟೆಯಷ್ಟು,
ಬರೆದವರು ಯಾರೆಂದು ತಿಳಿಯದು ಎಂಬ ಚೀಟಿ.
ಮೇಜಿನ ಮೇಲೆ ಅರ್ಧ ಸುಲಿದ ನಿಂಬೆ,
ಸಿಪ್ಪೆ ಸುರುಳಿ ಬಿಚ್ಚಿ ಅಂಚಿನಿಂದ ಜೋತಿದೆ.
ಸುಲಿಯುತ್ತಿದ್ದವಳನ್ನು ಒಳಗಿಂದ ಯಾರೋ ಕೂಗಿರಬೇಕು.
ಬಂದೆ, ಒಂದು ನಿಮಿಷ, ಅಂದು ಎದ್ದು ಹೋದವಳು
ಮುನ್ನೂರು ವರ್ಷವಾದರೂ ಬಂದಿಲ್ಲ.
ನಿಂಬೆಯ ತೇವ ಇನ್ನೂ ಆರಿಲ್ಲ.
ನಾನು ನಿಂತೆ. ಯಾರೂ ಕೂಗಲಿಲ್ಲ.
ನಿಂತೇ ಇದ್ದೆ, ಕಾಲು ನೋಯುವ ತನಕ,
ನೋಯುತ್ತಿರುವುದು ನನ್ನದೇ ಕಾಲು ಎಂದು ಗೊತ್ತಾಗುವ ತನಕ.

ಕೊನೆಗೆ ಸಿಕ್ಕ, ಕೊನೆಯ ತೀರ್ಪಿನ ಎದುರು.
ಗೋಡೆ ತುಂಬ ಕಹಳೆ, ಬೆಂಕಿ, ಇಕ್ಕಳ ಹಿಡಿದ ದೆವ್ವಗಳು,
ಕಾಲು ಹಿಡಿದು ಎಳೆಯಲಾಗುತ್ತಿರುವ ಬೆತ್ತಲೆ ಜನ,
ಬೆಂಚಿನ ಮೇಲೆ ನನ್ನ ಗಂಡ, ಬಾಯಿ ತೆರೆದು, ನಿದ್ದೆಯಲ್ಲಿ.
ಎಬ್ಬಿಸಲು ಹೋದೆ.
ಕಾವಲಿನ ಮುದುಕ ತುಟಿಯ ಮೇಲೆ ಬೆರಳಿಟ್ಟ.
ಮಕ್ಕಳೆಷ್ಟು, ಎಂದು ಕಣ್ಣಲ್ಲೇ ಕೇಳಿದ,
ಅಂಗೈಯಿಂದ ಮೂರಡಿ, ಎರಡಡಿ ಎತ್ತರ ತೋರಿಸಿ.
ಎರಡು ಬೆರಳೆತ್ತಿದೆ. ಅವನು ನಾಲ್ಕೆತ್ತಿದ.
ಆಮೇಲೆ ಬಾಗಿಲಿಗೆ ಹೋಗಿ
ಒಳನುಗ್ಗುತ್ತಿದ್ದ ಶಾಲೆಯ ಹಿಂಡನ್ನು
ಪಕ್ಕದ ಕೋಣೆಯ ಕುದುರೆಗಳ ಕಡೆ ತಿರುಗಿಸಿದ.

ಪಕ್ಕದಲ್ಲಿ ಕೂತೆ. ತಲೆ ವಾಲಿ ಹೆಗಲಿಗೆ ಬಂತು.
ಎಷ್ಟು ಭಾರ! ಏಳು ವರ್ಷದಿಂದ ಇಲ್ಲಿ ಮಲಗಿದ್ದು
ಬರೀ ಸಣ್ಣ ತಲೆಗಳು.

ರಾತ್ರಿ ಫೋನಿನಲ್ಲಿ ಫೆನ್ನಾ: ಏನು ನೋಡಿದೆ ಅಪ್ಪ?
ದೆವ್ವ.
ಎಷ್ಟು?
ಎಣಿಸುವಷ್ಟರಲ್ಲಿ ಮ್ಯೂಸಿಯಂ ಮುಚ್ಚಿತು.
ನೀನು ಅಮ್ಮ?
ನಿಂಬೆಹಣ್ಣು.
ಅಷ್ಟೇನಾ, ಅಂದು ಫೋನು ಅಜ್ಜಿಗೆ ಕೊಟ್ಟಳು.

ದೀಪ ಆರಿಸಿದ ಮೇಲೂ ಪಿಸುದನಿಯಲ್ಲೇ ಮಾತಾಡಿದೆವು,
ರೂಢಿ. ಆಚೆ ಯಾರೂ ಮಲಗಿಲ್ಲವೆಂಬುದು
ಬಹಳ ಹೊತ್ತಿನ ಮೇಲೆ ಹೊಳೆದದ್ದು ಹಿಲ್ಕೆಗೆ.
ವೀಟ್ಸ್ಕೆ! ಎಂದು ಗಟ್ಟಿಯಾಗಿ ಕೂಗಿಯೇ ಬಿಟ್ಟ,
ಹೊಲದಾಚೆಗೆ ಕರೆಯುವ ಹಾಗೆ.
ಯಾರೋ ಪಕ್ಕದ ಗೋಡೆ ಗುದ್ದಿದರು.
ದಿಂಬು ಕಚ್ಚಿ ನಕ್ಕೆವು.